ಪಾಯಪ್ಪನನ್ನು ಕಟಕಟೆಗೆ ಹತ್ತಿಸಿದ ವರ್ಷ

ಈಚೆಗೆ ಹಳೆಯ ಶಿಷ್ಯೆಯೊಬ್ಬಳ ಮೊಮ್ಮಗಳ ಬಾರಸೆಗೆಂದು, ಹೆಸರಿಡುವ ಶಾಸ್ತ್ರಕ್ಕೆಂದು, ಗಡಹಿಂಗ್ಲಜಕ್ಕೆ ಹೋಗಿದ್ದೆ. ಬಸ್ಸಿಳಿದು ಪೇಟೆಯ ಕಡೆ ಹೊರಳಿದಾಗ ದಲಾಲರ ಒಂದು ಅಡತಿ ಅಂಗಡಿಯ ಮುಂದೆ ಆಳುಗಳು ಒಣಮೆಣಸಿನಕಾಯಿಯ ಚೀಲಗಳನ್ನು ಸುರುವುತ್ತಿದ್ದರು. ಘಾಟು ಮೂಗಿಗಡರಿತು. ಸೀನು ಬಂತು, ಕಣ್ಣಲ್ಲಿ ನೀರೂ ಬಂತು. ಕರೆಯಲು ಬಂದಿದ್ದ ಹುಡುಗಿ, "ಅಜ್ಜೀ, ಸ್ವಲ್ಪ ಕುಂಡ್ರತೀರೇನ್ರಿ?" ಎಂದು ತೋಳು ಹಿಡಿದಳು. ಬೇಡವೆಂದು ನಡೆದೆ. ನನಗೆ ಆಗ ನೆನಪಾದದ್ದು ನಾನು ಕಲಿಸಿದ ಶಾಲೆಯಲ್ಲ, ನಾನಿದ್ದ ಬಾಡಿಗೆಯ ಕೋಣೆಯೂ ಅಲ್ಲ. ಪಾಯಪ್ಪ. ಅವನ ಧೋತರ, ರುಮಾಲು, ಅವನು ಕೂತೆದ್ದ ಜಮಖಾನ, ಎಲ್ಲದರಿಂದಲೂ ಇದೇ ಘಾಟು ಬರುತ್ತಿತ್ತು. ವಯಸ್ಸಾದಂತೆ ದ್ವೇಷ ತಣ್ಣಗಾಗುತ್ತದೆಂದು ನನಗೆ ಬಹಳ ಜನ ಹೇಳಿದ್ದಾರೆ. ನನ್ನದು ಆಗಿಲ್ಲ. ಆಗಲಿ ಎಂದು ನಾನು ಬಯಸಿದವಳೂ ಅಲ್ಲ.

ಪಾಯಪ್ಪ ಸಂಕೇಶ್ವರದ ಮೆಣಸಿನಕಾಯಿ ವ್ಯಾಪಾರಿ. ನಮ್ಮಂತೆಯೇ ಜೈನರವನು. ನನ್ನ ಅಕ್ಕ ಚಂಪಾಳನ್ನು ಅವನಿಗೆ ಕೊಟ್ಟಾಗ ಅವಳಿಗೆ ಹನ್ನೊಂದು, ಅವನಿಗೆ ಮೂವತ್ತರ ಹತ್ತಿರ. ನಾವಿದ್ದದ್ದು ಇಚಲಕರಂಜಿಯಲ್ಲಿ, ಅಪ್ಪನದು ನೂಲಿನ ಸಣ್ಣ ವ್ಯಾಪಾರ. ದೊಡ್ಡ ಮನೆಯ ಸಂಬಂಧ ತಾನಾಗಿ ಬಂತೆಂದು ಅಪ್ಪ ಹಿಗ್ಗಿದ. ಹದಿಮೂರು ತುಂಬುತ್ತಲೇ ಅವಳನ್ನು ಗಂಡನ ಮನೆಗೆ ಕರೆದೊಯ್ದರು. ಮರುವರ್ಷ ಶ್ರಾವಣದಲ್ಲಿ, ಎರಡು ದಿನ ಹೆರಿಗೆಯ ನೋವು ತಿಂದು, ಚಂಪಾ ಸತ್ತಳು. ಕೂಸೂ ಉಳಿಯಲಿಲ್ಲ. ಅವ್ವ ಎದೆ ಬಡಿದುಕೊಂಡು ಒಬ್ಬ ವಕೀಲರ ಮನೆಗೆ ಹೋಗಿ ಕೇಳಿದಳಂತೆ, ಇದಕ್ಕೆ ಸರಕಾರದಲ್ಲಿ ಏನೂ ಕೇಳುವುದಿಲ್ಲವೇ ಎಂದು. ಹೆಂಡತಿಗೆ ಹದಿಮೂರು ದಾಟಿದ್ದರೆ ಕಾಯ್ದೆ ಗಂಡನನ್ನು ಏನೂ ಕೇಳುವುದಿಲ್ಲ ಎಂದು ಅವರು ಹೇಳಿ ಕಳಿಸಿದರು. ಚಂಪಾ ಹದಿಮೂರು ದಾಟಿದ್ದಳು. ಕಾಯ್ದೆಯ ಪ್ರಕಾರ ಅವಳ ಸಾವು ಯಾರ ತಪ್ಪೂ ಅಲ್ಲ. ಅದೇ ಮಾಗಿಯಲ್ಲಿ ಪಾಯಪ್ಪ ಮತ್ತೊಂದು ಮದುವೆಯಾದ.

ನನಗಾಗ ಒಂಬತ್ತು. ಅಪ್ಪ ನನಗೂ ಗಂಡು ನೋಡತೊಡಗಿದಾಗ ಅವ್ವ ಬಾವಿಯ ಕಟ್ಟೆಯ ಮೇಲೆ ಹೋಗಿ ಕೂತಳು. "ಈಕಿನ್ನೂ ಕೊಡೋದಾದ್ರ ಮೊದಲ ನಾ ಬೀಳತೀನಿ, ಆಮ್ಯಾಲೆ ಹಂದರಾ ಹಾಕ್ರಿ" ಎಂದಳು. ಅಪ್ಪ ಹೆದರಿ ಸುಮ್ಮನಾದ. ಮುಂದೆ ಅವನು ತೀರಿಕೊಂಡ ಮೇಲೆ ಅವ್ವ ನೇಕಾರರ ಮನೆಗಳಿಗೆ ರಾಟೆಯಲ್ಲಿ ನೂಲಿನ ಕಂಡಿಕೆ ಸುತ್ತಿಕೊಟ್ಟು ನನ್ನನ್ನು ಕೊಲ್ಹಾಪುರದಲ್ಲಿಟ್ಟು ಓದಿಸಿದಳು. ಮಾಸ್ತರಿಕೆಯ ಪರೀಕ್ಷೆ ಪಾಸಾದಾಗ ನಾನು ಇಪ್ಪತ್ತರವಳು. ಜಗತ್ತಿನ ಯುದ್ಧ ಶುರುವಾಗುವ ಹಿಂದಿನ ವರ್ಷದ ಮಳೆಗಾಲದಲ್ಲಿ ನನ್ನನ್ನು ಕೊಲ್ಹಾಪುರ ಸಂಸ್ಥಾನದ ಗಡಹಿಂಗ್ಲಜದ ಹೆಣ್ಣುಮಕ್ಕಳ ಶಾಲೆಗೆ ಹಾಕಿದರು.

ಆ ಮಳೆಗಾಲ ಜೋರಾಗಿತ್ತು. ಆಜರಾದ ಗುಡ್ಡಗಳ ಕಡೆಯಿಂದ ಮೋಡ ಬಂದರೆ ಶಾಲೆಯ ಹಂಚಿನ ಮೇಲೆ ಬೀಳುವ ಸದ್ದಿಗೆ ಪಾಠ ಕೇಳಿಸುತ್ತಿರಲಿಲ್ಲ. ಆಗ ನಾನು ಪುಸ್ತಕ ಮಡಚಿ ಹುಡುಗಿಯರಿಗೆ ಲೆಕ್ಕ ಕೊಡುತ್ತಿದ್ದೆ. ಲೆಕ್ಕವನ್ನು ಎಲ್ಲರಿಗಿಂತ ಮೊದಲು ಮುಗಿಸಿ ಪಾಟಿ ಮಗುಚಿಡುತ್ತಿದ್ದವಳು ಅಕ್ಕಾತಾಯಿ. ಹನ್ನೆರಡರ ಹುಡುಗಿ. ಶಾಲೆಯಲ್ಲಿ ಮರಾಠಿ, ನನ್ನ ಹತ್ತಿರ ಬಂದರೆ ಕನ್ನಡ. ಶಿಕ್ಷಕಿಯೆಂದು ಅವಳೂ ಊರಿನವರೂ ನನ್ನನ್ನು 'ಬಾಯಿ' ಎಂದೇ ಕರೆಯುತ್ತಿದ್ದರು. ಅವಳ ತಾಯಿ ರತ್ನವ್ವ ಗಂಡ ಸತ್ತ ಮೇಲೆ ಅಣ್ಣ ನೇಮಣ್ಣನ ಮನೆಯಲ್ಲಿದ್ದಳು. ನೇಮಣ್ಣನಿಗೆ ಪೇಟೆಯಲ್ಲೊಂದು ಕಿರಾಣಿ ಅಂಗಡಿ. ನನ್ನ ಕೋಣೆ ಅವರ ಓಣಿಯಲ್ಲೇ ಇದ್ದುದರಿಂದ ರತ್ನವ್ವ ಆಗಾಗ ಬಿಸಿ ರೊಟ್ಟಿ ತಂದುಕೊಡುತ್ತಿದ್ದಳು. ಮಾತು ಕಡಿಮೆ. ಅಣ್ಣ ಕೂಗಿದರೆ ಅರ್ಧ ಮಾತಿನಲ್ಲೇ ಎದ್ದು ಹೋಗುವವಳು.

ದೀಪಾವಳಿಯ ಸೂಟಿಗೆ ಇಚಲಕರಂಜಿಗೆ ಹೋಗಿ ಬಂದೆ. ಶಾಲೆ ತೆರೆದಾಗ ಅಕ್ಕಾತಾಯಿ ಬರಲಿಲ್ಲ. ಒಂದು ವಾರದ ಮೇಲೆ ಬಂದಳು. ಕುತ್ತಿಗೆಯಲ್ಲಿ ಕರಿಮಣಿ, ಕಾಲಲ್ಲಿ ಕಾಲುಂಗುರ. ಉಂಗುರ ಸಡಿಲಾಗಿ ನಡೆಯುವಾಗ ಕಳಚಿ ಬೀಳುತ್ತಿತ್ತು; ಬಗ್ಗಿ ಬಗ್ಗಿ ಎತ್ತಿಕೊಳ್ಳುತ್ತಿದ್ದಳು.

"ಯಾವಾಗ ಆತವ್ವ ಇದು?" ಎಂದೆ.

"ಪಾಡ್ಯಾದ ಮರುದಿನ, ಬಾಯೀ. ಗಂಡಿನ ಕಡಿಯವ್ರೆಲ್ಲಾ ಇಲ್ಲೇ ಬಂದಿದ್ರು. ಸಂಕೇಶ್ವರದಾಗ ಮಾಡಿದ್ರ ಪೋಲಿಸರು ಹಿಡೀತಾರಂತ, ಇಲ್ಲಿ ನಮ್ಮ ಸಂಸ್ಥಾನದಾಗ ಹಿಡಿಯೂದಿಲ್ಲಂತ."

"ಹೆಸರೇನು ನಿನ್ನ ಗಂಡಂದು?"

ಹುಡುಗಿ ನಾಚಿ ಹೇಳಲಿಲ್ಲ. ಪಕ್ಕದಲ್ಲಿ ಕೂತವಳು ಕೂಗಿ ಹೇಳಿದಳು: "ಪಾಯಪ್ಪ ಶೆಟ್ರು, ಬಾಯೀ! ಮೆಣಸಿನಕಾಯಿ ಪಾಯಪ್ಪ!"

ನಾನು ಕರಿಹಲಗೆಯ ಕಡೆ ಮುಖ ತಿರುಗಿಸಿ ಬಹಳ ಹೊತ್ತು ಏನೋ ಬರೆಯುತ್ತ ನಿಂತೆ. ಏನು ಬರೆದೆನೆಂಬುದು ನನಗೆ ತಿಳಿಯದು. ಶಾಲೆ ಬಿಟ್ಟ ಮೇಲೆ ನೇರ ರತ್ನವ್ವನ ಹತ್ತಿರ ಹೋದೆ. ಅವಳು ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಆಂವಗ ಹಿಂದ ಎಷ್ಟ ಲಗ್ನ ಆಗ್ಯಾವ ಗೊತ್ತೈತೇನು ನಿಮಗ?" ಎಂದೆ.

"ಎರಡ ಅಂತ್ರಿ. ಎರಡನೇದಾಕಿಗೆ ಮಕ್ಕಳಿಲ್ಲಂತ. ಮೊದಲನೇದಾಕಿ ಪ್ಲೇಗಿನಾಗ ಹೋದಳಂತ."

"ಪ್ಲೇಗಿನಾಗ ಅಲ್ಲ, ರತ್ನವ್ವ. ಆಕಿ ನನ್ನ ಅಕ್ಕ."

ಎಲ್ಲವನ್ನೂ ಹೇಳಿದೆ. ಕೇಳುತ್ತ ಕೇಳುತ್ತ ರತ್ನವ್ವನ ಕೈಯಲ್ಲಿನ ಮೊರ ಓರೆಯಾಗಿ ಜೋಳವೆಲ್ಲ ನೆಲಕ್ಕೆ ಸುರಿಯಿತು. "ನನ್ನ ಯಾರೂ ಕೇಳಲಿಲ್ರಿ ಬಾಯೀ," ಎಂದಳು. "ಅಣ್ಣಗ ಪಾಯಪ್ಪನ ಅಡತಿಯೊಳಗ ಪಾಲು ಸಿಗತೈತಂತ. ನಾ ಬ್ಯಾಡ ಅಂದಿದ್ರ ತಾಯಿ ಮಗಳು ಇಬ್ಬರೂ ಓಣಿಯಾಗ ಇರತಿದ್ವಿ. ದೊಡ್ಡಾಕಿ ಆಗೂ ಮಟಾ ಇಲ್ಲೇ ಇರತಾಳ, ಆಮ್ಯಾಲೆ ಕರಕೊಂಡ ಹೋಗ್ತಾರ."

ಸಮಯ ಹೆಚ್ಚಿರಲಿಲ್ಲ ಎಂದು ನನಗೆ ಅರ್ಥವಾಯಿತು. ಆ ರವಿವಾರವೇ ಕೊಲ್ಹಾಪುರಕ್ಕೆ ಹೋದೆ. ನನ್ನ ಓದಿನ ದಿನಗಳ ಗೆಳತಿಯ ತಂದೆ ಅನಂತರಾಯರು ವಕೀಲರು. ಸಂಸ್ಥಾನದ ಕಚೇರಿಯಲ್ಲೂ ಗಡಿಯಾಚೆ ಇಂಗ್ರಜಿ ಮುಲಕಿನ, ಅಂದರೆ ಸಂಕೇಶ್ವರವಿದ್ದ ಬ್ರಿಟಿಷ್ ಸೀಮೆಯ, ಕಚೇರಿಯಲ್ಲೂ ವಾದಿಸುತ್ತಿದ್ದವರು. ಅಡಕೆ ಕತ್ತರಿಸುತ್ತ ಪೂರ್ತಿ ಕೇಳಿದರು.

"ಹೇ ಬಘಾ, ನೋಡ್ರಿ ಬಾಯೀ," ಎಂದರು. "ಶಾರದಾ ಕಾಯ್ದೆ ಪ್ರಕಾರ ಹುಡುಗಿಗೆ ಹದಿನಾಲ್ಕು ಆಗಬೇಕು. ಗಡಿ ದಾಟಿ ಸಂಸ್ಥಾನಕ್ಕ ಬಂದು ಲಗ್ನ ಮಾಡಿದ್ರ ಕಾಯ್ದೆ ಮುಟ್ಟೂದಿಲ್ಲ ಅಂತ ಎಲ್ಲಾರೂ ತಿಳದಾರ. ಮೊದಲ ಹಂಗ ಇತ್ತು. ಈಗ ತಿದ್ದುಪಡಿ ಆಗೇತಿ. ಇಂಗ್ರಜಿ ಮುಲಕಿನ ಪ್ರಜಾ ಹಿಂದೂಸ್ಥಾನದಾಗ ಎಲ್ಲಿ ಹೋಗಿ ಮಾಡಿದ್ರೂ ಅದು ಅವನ ಬೆನ್ನ ಹತ್ತತೈತಿ. ನಿಮ್ಮ ಪಾಯಪ್ಪಗ ಇದು ಗೊತ್ತಿಲ್ಲ."

ನಾನು ಮುಂದಕ್ಕೆ ಸರಿದು ಕೂತೆ. "ಏನ ಶಿಕ್ಷೆ ಆಗತೈತ್ರಿ?"

"ಒಂದ ತಿಂಗಳ ಸಾದಾ ಸಜಾ. ಇಲ್ಲಾ ದಂಡ. ಅದಕ್ಕಿಂತ ಹೆಚ್ಚಿಲ್ಲ. ನೇಮಣ್ಣ ಇಲ್ಲಿಯ ಪ್ರಜಾ, ಅವನನ್ನ ಏನೂ ಮಾಡಾಕ ಬರೂದಿಲ್ಲ. ಮತ್ತ ಇನ್ನೊಂದ ಕೇಳ್ರಿ. ಅವನು ಜೇಲಿಗೆ ಹೋದ್ರೂ ಲಗ್ನ ಮುರಿಯೂದಿಲ್ಲ. ಆ ಹುಡುಗಿ ಅವನ ಹೆಂಡತಿನ."

ಮದುವೆ ಮಾಡಿಕೊಂಡದ್ದು ಅಪರಾಧ, ಆದರೆ ಮದುವೆ ಮದುವೆಯೇ.  ಜೇಲಿನಿಂದ ಬಂದವನು ಸಿಟ್ಟನ್ನೆಲ್ಲ ಆ ಮಗುವಿನ ಮೇಲೆ ತೀರಿಸಿಕೊಳ್ಳುವುದಿಲ್ಲವೇ? ರತ್ನವ್ವನೂ ಅದನ್ನೇ ಅಂದಳು. "ನಾ ಸಾಕ್ಷಿ ಹೇಳೂದಿಲ್ರಿ. ಆಂವ ನನ್ನ ಮಗಳನ್ನ ಉಳಸೂದಿಲ್ಲ." ತಾಯಿಯ ಸಾಕ್ಷಿ ಇಲ್ಲದೆ ವಯಸ್ಸು ಸಾಬೀತಾಗುವಂತಿರಲಿಲ್ಲ. ಶಾಲೆಯಲ್ಲಿ ಬರೆಸಿದ ವಯಸ್ಸು ಬಾಯಿಗೆ ಬಂದದ್ದೆಂದು ನೇಮಣ್ಣ ಹೇಳಿದರೆ ಮುಗಿಯಿತು.

ಮಾಗಿಯ ಕೊನೆಗೆ ಅವ್ವನನ್ನು ಗಡಹಿಂಗ್ಲಜಕ್ಕೆ ಕರೆಸಿಕೊಂಡೆ. ರತ್ನವ್ವ ನನ್ನ ಕೋಣೆಗೆ ಬಂದಳು. ಒಬ್ಬಳು ಮಗಳನ್ನು ಕಳಕೊಂಡವಳು, ಇನ್ನೊಬ್ಬಳು ಕಳಕೊಳ್ಳಲಿದ್ದವಳು. ಇಬ್ಬರೂ ಎದುರೆದುರು ಕೂತರು. ಆಮೇಲೆ ಅವ್ವ ಅಂದಳು:

"ನಮ್ಮ ಸಮಾಜದಾಗ ಸೋಡಚಿಠ್ಠಿ ಐತೆಲ್ಲ. ಗಂಡ ಹಿರೇರ ಮುಂದ ಬರಕೊಟ್ಟ ಬಿಟ್ಟ ಅಂದ್ರ ಸಂಬಂಧ ಹರೀತು."

"ಆಂವ ಕೊಡತಾನೇನ್ರಿ?"

"ಕೇಳಿದ್ರ ಕೊಡಾಂವಲ್ಲ. ನಾ ಅವನ ಅತ್ತಿ ಆಗಿದ್ದಾಕಿ, ನನಗ ಗೊತ್ತೈತಿ. ನನ್ನ ಮಗಳನ್ನ ಬಾಣಂತನಕ್ಕ ಕಳಸ್ರಿ ಅಂತ ಅವನ ಕಾಲ ಹಿಡಕೊಂಡೆ. ಹಿಡಕೊಂಡೆ ಅಂತನ ಆಂವ ಕಳಸಲಿಲ್ಲ. ಏನ ಬೇಡಿಕೊಂಡರೂ ಉಲ್ಟಾ ಮಾಡತಾನ. ಅದಕ್ಕ ನೀವು ಕೋರ್ಟಿನಾಗ ಖರೇ ಹೇಳ್ರಿ. ಜೇಲಿಂದ ಬಂದಮ್ಯಾಲೆ ಹಿರೇರ ಮುಂದ ಹೋಗಿ ಅವನ ಕಾಲಿಗೆ ಬೀಳ್ರಿ. ನನ್ನ ಮಗಳನ್ನ ಇಟ್ಕೋರಿ, ಬಿಡಬ್ಯಾಡ್ರಿ ಅಂತ ಅಳ್ರಿ."

 "ಆಂವ ಇಟ್ಕೊಂಡ್ರ?" ಎಂದಳು ರತ್ನವ್ವ.

 ಆದರೆ ಎದ್ದು ಹೋಗುವಾಗ ರತ್ನವ್ವ ಬಾಗಿಲಲ್ಲಿ ನಿಂತು, "ಹೇಳತೀನ್ರಿ ಸಾಕ್ಷಿ" ಎಂದಳು.

ನಾನು ಫಿರ್ಯಾದಿ ಕೊಟ್ಟೆ. ಬೇಸಿಗೆಯಲ್ಲಿ ಗಡಿಯಾಚೆಯ ಕಚೇರಿಯಲ್ಲಿ ಖಟ್ಲೆ ನಡೆಯಿತು. ಸುದ್ದಿ ಹಬ್ಬಿದ ಮೇಲೆ ಗಡಹಿಂಗ್ಲಜದಲ್ಲಿ ನನಗೆ ಹಾಲು ಕೊಡುವವಳು ನಿಲ್ಲಿಸಿದಳು. ಕೆಲವರು ಹುಡುಗಿಯರನ್ನು ಶಾಲೆ ಬಿಡಿಸಿದರು. ಮೇಲಿನವರು ಕರೆದು, ಪರಮುಲಕಿನ ಕಚೇರಿಗೆ ಅಲೆಯುವುದು ಶಿಕ್ಷಕಿಗೆ ಶೋಭೆಯಲ್ಲ ಎಂದರು. ನೇಮಣ್ಣ ರತ್ನವ್ವನನ್ನೂ ಮಗಳನ್ನೂ ಹೊರಗೆ ಹಾಕಿದ. ಅಂದಿನಿಂದ ಅವರು ನನ್ನ ಕೋಣೆಯಲ್ಲೇ ಇದ್ದರು. ಅಕ್ಕಾತಾಯಿ ಒಂದು ಮೂಲೆಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದಳು. ಕರಿಮಣಿ ಚುಚ್ಚುತ್ತದೆಂದು ಆಗಾಗ ಬೆನ್ನಿಗೆ ಸರಿಸಿಕೊಳ್ಳುವಳು.

ಕಚೇರಿಯಲ್ಲಿ ಪಾಯಪ್ಪ ಜರಿಯ ರುಮಾಲು ಸುತ್ತಿ ಬಂದಿದ್ದ. ಕಟಕಟೆಯನ್ನು ಜಗಲಿ ಹತ್ತುವ ಹಾಗೆ ಹತ್ತಿದ. ಹನ್ನೊಂದು ವರ್ಷಗಳ ಮೇಲೆ ನಾನು ಅವನನ್ನು ನೋಡಿದ್ದು. ಮೈ ಬಂದಿತ್ತು, ಮೀಸೆಗೆ ಬಣ್ಣ ಹಚ್ಚಿದ್ದ. ನನ್ನನ್ನು ಗುರುತಿಸಲಿಲ್ಲ. ಹುಡುಗಿಗೆ ಹದಿನೈದು ಎಂದು ನೇಮಣ್ಣ ಅದೇ ಬೆಳಿಗ್ಗೆ ಪ್ರಮಾಣ ಮಾಡಿ ಹೇಳಿದ್ದ. ನಾನು ಸಾಕ್ಷಿ ಹೇಳಿದ ಮೇಲೆ ಪಾಯಪ್ಪನ ವಕೀಲ ಎದ್ದ.

"ನಿಮ್ಮ ಅಕ್ಕ ನನ್ನ ಕಕ್ಷಿದಾರರ ಹೆಂಡತಿ ಆಗಿದ್ದಳು, ಹೌದಲ್ರಿ? ಆ ಹಳೇ ದ್ವೇಷಕ್ಕ ಈ ಖಟ್ಲೆ ಹಾಕೀರಿ."

ಅನಂತರಾಯರು ಆಕ್ಷೇಪಿಸಲು ಅರ್ಧ ಎದ್ದರು. ನಾನು ಅದಕ್ಕೆ ಮೊದಲೇ ಹೇಳಿದೆ: "ಹೌದ್ರಿ. ದ್ವೇಷ ಐತಿ. ಸಾಯೂ ಮಟಾ ಇರತೈತಿ. ನನಗ ದ್ವೇಷ ಐತಿ ಅಂತ ಆ ಹುಡುಗಿಗೆ ಹದಿನೈದ ಆಗೂದಿಲ್ಲ."

ಹಿಂದೆ ಕೂತವರಲ್ಲಿ ಯಾರೋ ನಕ್ಕರು. ಮ್ಯಾಜಿಸ್ಟ್ರೇಟರು ನಗಲಿಲ್ಲ. ವಯಸ್ಸಾದ ಮನುಷ್ಯ, ಅಲ್ಲಿಯವರೆಗೆ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದವರು ಲೇಖಣಿ ಕೆಳಗಿಟ್ಟು ಪಾಯಪ್ಪನ ಕಡೆ ತಿರುಗಿದರು.

"ಈ ಬಾಯಿಯವರ ಅಕ್ಕನ ಜೋಡಿ ನಿಮ್ಮ ಲಗ್ನ ಆಗಿತ್ತು?"

"ಹೌದ್ರಿ, ಸಾಹೇಬ್ರ."

"ಆಕಿ ಹೆಸರೇನು?"

ಪಾಯಪ್ಪ ಬಾಯಿ ತೆರೆದ. ಜಂತಿಯ ಕಡೆ ನೋಡಿದ. ತನ್ನ ವಕೀಲನ ಕಡೆ ನೋಡಿದ. "ಕಮಲಾ... ಕಮಲವ್ವರಿ," ಎಂದ.

"ಅದು ಈಗ ಮನ್ಯಾಗ ಇರೂ ಎರಡನೇ ಹೆಂಡತಿ ಹೆಸರು ಅಂತ ಮೊದಲ ಹೇಳೀರಲ್ಲ?"

ಪಾಯಪ್ಪ ರುಮಾಲನ್ನು ಹಣೆಯ ಮೇಲಿಂದ ಹಿಂದಕ್ಕೆ ತಳ್ಳಿದ. "ಭಾಳ ವರ್ಷ ಆದುವ್ರಿ, ಸಾಹೇಬ್ರ," ಎಂದ.

 ಅವನನ್ನು ಕೊಲ್ಲಬೇಕೆಂದು ನಾನು ಎಷ್ಟೋ ಸಲ ಅಂದುಕೊಂಡವಳು. ಆದರೆ ನಿಜವಾಗಿ ಕೈ ಎತ್ತುತ್ತಿದ್ದೆನೇನೋ ಎಂಬಷ್ಟು ಸಿಟ್ಟು ಬಂದದ್ದು ಆಗ ಮಾತ್ರ. ನನ್ನ ಅಕ್ಕ ಅವನ ಮನೆಯಲ್ಲಿ ಬೀಸಿದ್ದಳು, ಕುಟ್ಟಿದ್ದಳು, ಅವನ ಕೂಸನ್ನು ಹೊತ್ತು ಸತ್ತಿದ್ದಳು. ಅವನ ತಲೆಯಲ್ಲಿ ಅವಳ ಹೆಸರೂ ಉಳಿದಿರಲಿಲ್ಲ. "ಚಂಪಾ ಅಂತ್ರಿ," ಎಂದೆ. ನನ್ನ ದನಿ ನಾನೆಣಿಸಿದ್ದಕ್ಕಿಂತ ಜೋರಾಗಿ ಬಂತು. ಮ್ಯಾಜಿಸ್ಟ್ರೇಟರು ಆ ಹೆಸರನ್ನು ಬರೆದುಕೊಂಡರು.

ಮುಂದಿನ ಸಾಕ್ಷಿ ರತ್ನವ್ವ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ನಿಂತಳು. ನೇಮಣ್ಣ ಅಲ್ಲೇ ಕೂತಿದ್ದ.

"ನಮ್ಮ ಅಣ್ಣಗ ಏನ ಗೊತ್ರಿ?" ಎಂದಳು ರತ್ನವ್ವ. "ಹಡದಾಕಿ ನಾನು. ಲಗ್ನ ಆದಾಗ ಆಕಿಗೆ ಹನ್ನೆರಡು. ನನ್ನ ಗಂಡ ತೀರಕೊಂಡ ವರ್ಷ ಆಕಿ ಅಂಬೆಗಾಲ ಇಡತಿದ್ದಳು. ಅವನ ಹೆಣಾ ಎತ್ತೂವಾಗ ಹೊಸ್ತಿಲಕ್ಕ ಬಂದ ಕುಂತಿದ್ದಳು, ಇದ ಅಣ್ಣನ ಎತ್ತಿ ಬಾಜೂ ಕುಂಡ್ರಿಸಿದ. ಕೇಳ್ರಿ ಅವನನ್ನ, ಎತ್ತಿದ್ದ ನೆನಪೈತೋ ಇಲ್ಲೋ."

ನೇಮಣ್ಣ ತಲೆ ತಗ್ಗಿಸಿದ. ಪಾಯಪ್ಪನ ವಕೀಲನಿಗೆ ಅದು ಸಾಕಾಗದಿದ್ದರೂ ಮ್ಯಾಜಿಸ್ಟ್ರೇಟರಿಗೆ ಸಾಕಾಯಿತು. ರತ್ನವ್ವನ ಗಂಡ ತೀರಿಕೊಂಡ ವರ್ಷಕ್ಕೆ ದಫ್ತರದ ಆಧಾರವಿತ್ತು. ಅಲ್ಲಿಂದ ಎಣಿಸಿದರೆ ಹುಡುಗಿಗೆ ಹದಿಮೂರೂ ತುಂಬಿರಲಿಲ್ಲ. ದಂಡ ಕಟ್ಟಿ ಹೋಗುತ್ತೇನೆಂದು ಪಾಯಪ್ಪ ಗುಮಾಸ್ತನನ್ನು ಜೊತೆಗೇ ತಂದಿದ್ದ. ಪೂರ್ತಿ ಒಂದು ತಿಂಗಳ ಸಜೆ ಎಂದಾಗ ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಸಿಪಾಯಿ ರಟ್ಟೆಗೆ ಕೈ ಹಾಕಿದ ಮೇಲೆ ಆಯಿತು. ರುಮಾಲು ಬಿಚ್ಚಿ ಬಿತ್ತು, ಎತ್ತಿಕೊಳ್ಳಲು ಬಿಡಲಿಲ್ಲ. ನಾನು ಕಣ್ಣು ತುಂಬ ನೋಡಿದೆ. ಒಂದು ಜೀವಕ್ಕೆ ಒಂದು ತಿಂಗಳು ಏನೇನೂ ಅಲ್ಲವೆಂದು ಗೊತ್ತಿತ್ತು, ಆದರೂ ನೋಡಿದೆ.

ಅವನು ಹೊರಗೆ ಬಂದಾಗ ಮೃಗಶಿರಾ ಮಳೆ ಹಿಡಿದಿತ್ತು. ಸಂಕೇಶ್ವರದ ಬಸದಿಯ ಅಂಗಳದಲ್ಲಿ ಸಮಾಜದ ಹಿರಿಯರು ಸೇರಿದರು. ಸೇರಿಸುವಂತೆ ಬೇಡಿಕೊಂಡವಳು ರತ್ನವ್ವ. ನಾನೂ ಜೊತೆಗೆ ಹೋದೆ. ಜೇಲಿನಲ್ಲಿ ಪಾಯಪ್ಪ ಇಳಿದಿದ್ದ, ಮೀಸೆಯ ಬಣ್ಣ ಹೋಗಿ ಬೂದುಬಣ್ಣಕ್ಕೆ ತಿರುಗಿತ್ತು. ರತ್ನವ್ವ ಓಡಿ ಹೋಗಿ ಅವನ ಕಾಲ ಮೇಲೆ ಬಿದ್ದಳು.

"ತಪ್ಪಾತ್ರಿ ಶೆಟ್ರ! ನನ್ನ ಮಗಳನ್ನ ಬಿಡಬ್ಯಾಡ್ರಿ! ಆಕಿ ನಿಮ್ಮ ಮನಿ ಕಸಾ ಹೊಡಕೊಂಡ ಇರತಾಳ್ರಿ!"

ಎಂಥ ಅಳು ಅದು! ನಾನೇ ಒಂದು ಕ್ಷಣ ನಿಜವೆಂದುಕೊಂಡೆ. ಹಣೆಯನ್ನು ಕಲ್ಲಿಗೆ ಕುಟ್ಟಿಕೊಂಡಳು. ಪಾಯಪ್ಪನ ಮುಖ ಅರಳತೊಡಗಿತು. ಅಷ್ಟರಲ್ಲಿ ಒಬ್ಬ ಮುದುಕರಿಗೆ ಕರುಳು ಚುರುಕ್ಕೆಂದಿತು. "ಪಾಪ, ಹೆಂಗಸು ಇಷ್ಟ ಬೇಡಿಕೊಳ್ಳಾಕತ್ತಾಳ. ಆಗಿದ್ದ ಆತು, ಇಟ್ಕೋ ಪಾಯಪ್ಪ. ನಿನ್ನ ದೊಡ್ಡಸ್ತನ ಆಗತೈತಿ" ಎಂದರು. ಇನ್ನಿಬ್ಬರು ತಲೆದೂಗಿದರು. ದೊಡ್ಡಸ್ತನ ಎಂಬ ಮಾತು ಪಾಯಪ್ಪನಿಗೆ ರುಚಿಸಿತು. ಮೀಸೆ ನೀವಿಕೊಂಡು, "ಹಿರೇರು ಹೇಳತೀರಿ ಅಂದ್ರ..." ಎಂದು ಶುರು ಮಾಡಿದ.

ರತ್ನವ್ವನ ಬೆನ್ನು ಸೆಟೆದದ್ದು ನನಗೆ ಹಿಂದಿನಿಂದ ಕಂಡಿತು. ಅಳು ನಿಂತಿತ್ತು. ನಾನು ಸಭೆಯ ನಡುವೆ ಹೋಗಿ ನಿಂತೆ.

"ಇಟ್ಕೊಳ್ಳಾಕನ ಬೇಕು!" ಎಂದೆ. "ಇವತ್ತ ಕರಕೊಂಡ ಹೋಗಲಿಲ್ಲ ಅಂದ್ರ ಇನ್ನೊಮ್ಮೆ ಕಟಕಟಿ ಹತ್ತಸ್ತೀನಿ. ಜೇಲಿನ ಗಂಜಿ ರುಚಿ ಹತ್ತಿಲ್ಲೇನು? ಹೆಣ್ಣಮಗಳ ಮಾತು ಕೇಳೂ ಹಂಗ ಮಾಡ್ತೀನಿ ನಿನ್ನ, ಪಾಯಪ್ಪ!"

ಬಸದಿಯ ಅಂಗಳದಲ್ಲಿ ಒಬ್ಬ ಹೆಂಗಸು ಅವನನ್ನು ಹೆಸರು ಹಿಡಿದು ನೀನು ಎಂದಿದ್ದಳು. ಪಾಯಪ್ಪ ಎದ್ದು ನಿಂತ.  "ಕಾಗದಾ ತರ್ರಿ!" ಎಂದು ಅರಚಿದ. "ಈಕಿ ಮಾತಿಗೆ ನಾ ಹೆಂಡತಿ ಇಟ್ಕೋಬೇಕೇನು? ಬರೀರಿ! ಈ ಪೀಡಾ ನನಗ ಬ್ಯಾಡ! ಜಗತ್ತಿನಾಗ ಹೆಣ್ಣಿಗೇನ ಬರ ಬಂದಿಲ್ಲ!" ಹಿರಿಯರು ಸಮಾಧಾನ ಮಾಡಲು ನೋಡಿದಷ್ಟೂ ಅವನು ಏರಿದ. ಸೋಡಚಿಠ್ಠಿ ಬರೆಸಿ, ಸಹಿ ಹಾಕಿ, ರತ್ನವ್ವನ ಮುಖದ ಮೇಲೆ ಎಸೆದ. ರತ್ನವ್ವ ಅದನ್ನು ಎದೆಗವಚಿಕೊಂಡು ಮೊದಲಿಗಿಂತ ದೊಡ್ಡದಾಗಿ ಗೋಳಿಟ್ಟಳು.

ಬಂಡಿ ಹತ್ತಿದ ಮೇಲೂ ಅವಳು ಅಳುತ್ತಲೇ ಇದ್ದಳು. ಪೇಟೆ ದಾಟಿತು, ಕಬ್ಬಿನ ಹೊಲಗಳು ಬಂದವು, ಹಿರಣ್ಯಕೇಶಿಯ ಕೆಂಪು ನೀರು ಕಂಡಿತು. ನನಗೆ ಗಾಬರಿಯಾಗಿ ಅವಳ ಭುಜ ಮುಟ್ಟಿದೆ. ಹೊಳೆ ಹಿಂದೆ ಬಿದ್ದ ಮೇಲೆ ರತ್ನವ್ವ ಸೆರಗು ಸರಿಸಿ ಹಿಂದಿನ ಹಾದಿಯನ್ನೊಮ್ಮೆ ನೋಡಿದಳು. ಮೂಗು ಒರೆಸಿಕೊಂಡು, "ಸಾಕೇನ್ರಿ ಬಾಯೀ, ನಾ ಅತ್ತಿದ್ದು?" ಎಂದಳು.

ಪಾಯಪ್ಪನಿಗೆ ಆಮೇಲೆ ಯಾರೂ ಹೆಣ್ಣು ಕೊಡಲಿಲ್ಲ. ಖಟ್ಲೆ ಬೀಳುತ್ತದೆಂಬ ಹೆದರಿಕೆ ಗಡಿಯ ಎರಡೂ ಬದಿಗೆ ಹರಡಿತ್ತು. ಶಾಲೆ ಶುರುವಾಗುವ ಹೊತ್ತಿಗೆ ನನ್ನನ್ನು ಆಜರಾಕ್ಕೆ ವರ್ಗ ಮಾಡಿದರು. ತಾಯಿ ಮಗಳೂ ನನ್ನ ಜೊತೆಗೇ ಬಂದರು. ಅಕ್ಕಾತಾಯಿ ಅಲ್ಲಿ ಓದಿ, ನನ್ನಂತೆಯೇ ಮಾಸ್ತರಿಕೆ ಹಿಡಿದಳು. ಇಪ್ಪತ್ತೆರಡಕ್ಕೆ ತಾನೇ ಮೆಚ್ಚಿದವನನ್ನು ಮದುವೆಯಾದಳು. ಆದರೆ ಆಜರಾಕ್ಕೆ ಹೋಗುವ ಮೊದಲು ನಾವು ಮೂವರೂ ಇಚಲಕರಂಜಿಗೆ ಹೋದೆವು. ಅವ್ವ ಕಂಡಿಕೆ ಸುತ್ತುತ್ತಿದ್ದಳು. ಓಣಿಯ ಮಗ್ಗಗಳ ಸದ್ದಿನಲ್ಲಿ ನಾನು ಕೂಗಿ ಕೂಗಿ ಎಲ್ಲವನ್ನೂ ಹೇಳಿದೆ. ಅವ್ವ ರಾಟೆ ನಿಲ್ಲಿಸಲಿಲ್ಲ. ಹೆಸರು ಮರೆತ ಮಾತಿಗೆ ಬಂದಾಗ ಮಾತ್ರ ಅವಳ ಕೈಯಲ್ಲಿ ನೂಲು ಹರಿಯಿತು. ಗಂಟು ಹಾಕಿ ಮತ್ತೆ ಸುತ್ತತೊಡಗಿದಳು.

ಬಸದಿಯ ಅಂಗಳದ ಮಾತು ಬಂತು. ರತ್ನವ್ವನಿಗೆ ತಡೆಯಲಾಗಲಿಲ್ಲ. ಎದ್ದು, ಸೆರಗು ಬಿಗಿದು, ನಮ್ಮ ಪಡಸಾಲೆಯ ಕಂಬವನ್ನೇ ಪಾಯಪ್ಪನೆಂದು ಮಾಡಿ ಅದರ ಬುಡಕ್ಕೆ ಬಿದ್ದಳು. "ಬಿಡಬ್ಯಾಡ್ರಿ ಶೆಟ್ರ!" ಎಂದು ಗೋಳಾಡಿದಳು. ಅಕ್ಕಾತಾಯಿ ಕಂಬದ ಹಿಂದೆ ನಿಂತು, ಇಲ್ಲದ ಮೀಸೆ ತಿರುವಿ, "ಕಾಗದಾ ತರ್ರಿ!" ಎಂದು ಅರಚಿದಳು.

ಅವ್ವ ರಾಟೆ ಬಿಟ್ಟಳು. ಮೊದಲು ಭುಜ ಅಲುಗಿತು, ಅಳುತ್ತಾಳೆಂದುಕೊಂಡೆ. ಅವಳು ನಗುತ್ತಿದ್ದಳು. ಚಂಪಾ ಸತ್ತ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ಕೆಮ್ಮು ಬರುವಷ್ಟು ನಕ್ಕು, ನೆಲಕ್ಕೆ ಕೈಯೂರಿ ಸುಧಾರಿಸಿಕೊಂಡು, ಕಂಬದ ಕಡೆ ಬೆರಳು ತೋರಿಸಿದಳು.

"ಇನ್ನೊಮ್ಮೆ ಮಾಡ್ರಿ, ರತ್ನವ್ವ," ಎಂದಳು.